ಜಗಲಿ ಇಲ್ಲದ ಮನೆಯ ಚಪ್ಪಲಿ

ಜೂನ್ ತಿಂಗಳ ಒಂದು ಸಂಜೆ ಬಂಟ್ವಾಳದ ಕಡೆಯ ಯಾವ ಹಳೆಯ ಹೆಂಚಿನ ಮನೆಗೆ ಹೋದರೂ ಒಳಗೆ ಯಾರಿದ್ದಾರೆಂದು ಕೂಗಿ ಕೇಳಬೇಕಿಲ್ಲ. ಜಗಲಿಯ ಮೆಟ್ಟಿಲ ಬದಿ ನೋಡಿದರೆ ಸಾಕು. ಕೆಂಪು ಮಣ್ಣು ಮೆತ್ತಿದ ಹವಾಯಿ ಚಪ್ಪಲಿ ಇದ್ದರೆ ಯಜಮಾನರು ತೋಟದಿಂದ ಬಂದಿದ್ದಾರೆ. ಗಂಬೂಟು ಗೋಡೆಗೆ ಒರಗಿದ್ದರೆ ರಬ್ಬರ್ ಹಾಲು ತೆಗೆಯುವವರು ಚಹಾ ಕುಡಿಯುತ್ತಿದ್ದಾರೆ. ಬಕಲ್ ಇರುವ ಹೊಸ ಸ್ಯಾಂಡಲ್ ಕಂಡರೆ ನೆಂಟರು. ಮಕ್ಕಳ ಶಾಲೆಯ ಬೂಟಿನ ಬಾಯಲ್ಲಿ ನಿನ್ನೆಯ ಪತ್ರಿಕೆಯ ಉಂಡೆ ತುರುಕಿದ್ದರೆ ಆ ಬೂಟು ನಾಳೆ ಬೆಳಿಗ್ಗೆಯೊಳಗೆ ಒಣಗಬೇಕಾಗಿದೆ ಎಂದರ್ಥ.

ಇಂಥ ಮನೆಯವರೇ ಒಂದು ಪುಟ್ಟ ಟ್ರೇಲರನ್ನು ಕಾರಿನ ಹಿಂದೆ ಕಟ್ಟಿಕೊಂಡು ಊರು ಸುತ್ತಲು ಹೊರಟರೆ ಮೊದಲ ದಿನವೇ ಎದುರಾಗುವ ತಾಪತ್ರಯ ಅಡುಗೆಯದ್ದೂ ಅಲ್ಲ, ಮಲಗುವುದರದ್ದೂ ಅಲ್ಲ, ಚಪ್ಪಲಿಯದ್ದು. ಹತ್ತು ಹನ್ನೆರಡು ಅಡಿ ಉದ್ದ, ಆರೇಳು ಅಡಿ ಅಗಲದ ಗೂಡದು. ಬಾಗಿಲು ತೆರೆದರೆ ಒಂದು ಮೆಟ್ಟಿಲು, ಮೆಟ್ಟಿಲು ಹತ್ತಿದರೆ ಒಂದು ಮಾರು ನೆಲ, ಅದರಾಚೆ ಹಾಸಿಗೆ. ಕೇರಳ ಸರ್ಕಾರ 2021ರಲ್ಲಿ ‘ಕೇರವಾನ್ ಕೇರಳ’ ಎಂಬ ಯೋಜನೆ ತಂದ ಮೇಲೆ ಈ ಕರಾವಳಿಯಲ್ಲೂ ಚಕ್ರದ ಮನೆಯ ಮಾತು ಆಗಾಗ ಕೇಳಿಬರುತ್ತದೆ. ಆದರೆ ಆ ಮನೆಯ ಹೊಸ್ತಿಲಲ್ಲಿ ನಾಲ್ಕು ಜನರ ಎಂಟು ಜೊತೆ ಮೆಟ್ಟುಗಳು ಎಲ್ಲಿ ಕೂರಬೇಕು ಎಂಬುದು ಯಾವ ಯೋಜನೆಯ ಕಡತದಲ್ಲೂ ಇರುವಂಥ ಪ್ರಶ್ನೆಯಲ್ಲ. ಕ್ಷುಲ್ಲಕ ಪ್ರಶ್ನೆ ಎನ್ನಿಸಬಹುದು. ಮಳೆಯಲ್ಲಿ ನೆನೆದ ಕ್ಯಾನ್ವಾಸ್ ಬೂಟಿನ ಜೊತೆ ಒಂದು ರಾತ್ರಿ ಮುಚ್ಚಿದ ಗೂಡಿನಲ್ಲಿ ಮಲಗಿದವರಿಗೆ ಹಾಗೆ ಅನ್ನಿಸದು.

ಇದಕ್ಕೆ ಸಿದ್ಧ ಉತ್ತರಗಳು ಬೇಕಾದಷ್ಟಿವೆ. ಬಾಗಿಲ ಹಿಂಬದಿಗೆ ಬಟ್ಟೆಯ ಜೇಬುಗಳ ಸಾಲು ತೂಗುಹಾಕುವುದು, ಕೂರುವ ಬೆಂಚಿನ ಅಡಿಗೆ ಡ್ರಾಯರ್ ಮಾಡುವುದು, ಮಂಚದ ಕೆಳಗೆ ಪ್ಲಾಸ್ಟಿಕ್ ಡಬ್ಬ ತಳ್ಳುವುದು, ಚಕ್ರದ ಮೇಲಿನ ಉಬ್ಬಿನ ಪಕ್ಕ ಉಳಿಯುವ ಮೂಲೆಗೆ ಹಲಗೆ ಹೊಡೆದು ಪೆಟ್ಟಿಗೆ ಮಾಡುವುದು. ಎಲ್ಲವೂ ಜಾಣತನದ ಉಪಾಯಗಳೇ. ಎಲ್ಲದರ ಹಿಂದೆಯೂ ಇರುವ ನಂಬಿಕೆ ಒಂದೇ: ಚಪ್ಪಲಿ ಎಂದರೆ ಕಣ್ಣಿಗೆ ಬೀಳದಂತೆ ಅಡಗಿಸಿಡಬೇಕಾದ ಸಾಮಾನು. ಒಣ ಹವೆಯ ಊರುಗಳಲ್ಲಿ ಈ ನಂಬಿಕೆಯಿಂದ ಹೆಚ್ಚಿನ ನಷ್ಟವಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ, ಅದರ ಬಹುಪಾಲನ್ನು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಸುರಿದು ಮುಗಿಸುವ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಅದು ನಡೆಯುವುದಿಲ್ಲ. ಮಳೆಗಾಲದಲ್ಲಿ ಇಲ್ಲಿಯ ಗಾಳಿಯ ತೇವಾಂಶ ದಿನಗಟ್ಟಲೆ ಶೇಕಡ 85ಕ್ಕಿಂತ ಕೆಳಗಿಳಿಯುವುದಿಲ್ಲ. ಶೇಕಡ 70 ದಾಟಿತೆಂದರೆ ಚರ್ಮಕ್ಕೆ ಬೂಸ್ಟು ಹಿಡಿಯಲು ಆರಂಭ. ಆಷಾಢದಲ್ಲಿ ಕಪಾಟಿನಲ್ಲಿಟ್ಟ ಬೆಲ್ಟು ಶ್ರಾವಣದಲ್ಲಿ ಬಿಳಿ ಪುಡಿ ಬಳಿದುಕೊಂಡು ಹೊರಬರುವುದನ್ನು ಮೂಡುಬಿದಿರೆಯ ಯಾವ ಮನೆಯಲ್ಲೂ ಕಾಣಬಹುದು. ಒದ್ದೆ ಬೂಟನ್ನು ಡ್ರಾಯರಿನಲ್ಲಿಟ್ಟು ತಳ್ಳಿದರೆ ಅದು ಸಂಗ್ರಹವಲ್ಲ, ಅಣಬೆ ಕೃಷಿ.

ಹಾಗಾಗಿ ವಾದ ಇಷ್ಟು. ಚಪ್ಪಲಿಯನ್ನು ಇಡುವುದು ಬೇರೆ, ಒಣಗಿಸುವುದು ಬೇರೆ. ಕರಾವಳಿಯಲ್ಲಿ ಎರಡನೆಯದು ಆಗದೆ ಮೊದಲನೆಯದಕ್ಕೆ ಅರ್ಥವಿಲ್ಲ. ಟ್ರೇಲರಿಗೆ ಬೇಕಾದದ್ದು ಕಪಾಟಲ್ಲ, ಜಗಲಿ.

ಜಗಲಿಯನ್ನು ಹರಟೆ ಹೊಡೆಯುವ ಕಟ್ಟೆ ಎಂದಷ್ಟೇ ಕಂಡವರಿಗೆ ಈ ಮಾತು ಅತಿಶಯ ಎನ್ನಿಸಬಹುದು. ಆದರೆ ಅದರ ಕಟ್ಟಡವನ್ನೊಮ್ಮೆ ನೋಡಬೇಕು. ಮಾಡು ಗೋಡೆಯಿಂದ ಮೂರು ನಾಲ್ಕು ಅಡಿ ಹೊರಚಾಚಿ ಇಳಿದಿರುತ್ತದೆ. ಇರಚಲು ಒಳಗೆ ಬಾರದು, ಗಾಳಿ ಮಾತ್ರ ಓಡಾಡುತ್ತದೆ. ಅಂಗಳದ ಮಟ್ಟದಿಂದ ಎರಡು ಮೆಟ್ಟಿಲು ಎತ್ತರ. ಹರಿಯುವ ನೀರು ತಾಗದು. ಮೆಟ್ಟಿಲ ಬಳಿ ನೀರಿನ ಹಂಡೆ, ಕಾಲುಜ್ಜಲು ಒಂದು ಒರಟು ಮುರಕಲ್ಲು. ಬಂದವರು ಅಂಗಳದಲ್ಲಿ ಮೆಟ್ಟು ಬಿಡುತ್ತಾರೆ, ಕಾಲು ತೊಳೆಯುತ್ತಾರೆ, ಜಗಲಿಯಲ್ಲಿ ಕೂತು ಬೆಲ್ಲ ನೀರು ಕುಡಿಯುತ್ತಾರೆ; ಅಷ್ಟರಲ್ಲಿ ಕಾಲೂ ಆರಿರುತ್ತದೆ. ಆಮೇಲೆ ಚಾವಡಿ. ಹೊರಗೆ ಮತ್ತು ಒಳಗೆ ಎಂಬ ಎರಡರ ನಡುವೆ ಹೊರಗೂ ಅಲ್ಲದ ಒಳಗೂ ಅಲ್ಲದ ಮೂರನೆಯ ಜಾಗ ಅದು. ನೀರು, ಮಣ್ಣು, ಹೊತ್ತು ಈ ಮೂರನ್ನೂ ಸೋಸುವ ಜರಡಿ. ಟ್ರೇಲರಿನಲ್ಲಿ ಕಳೆದುಹೋಗಿರುವುದು ಆ ಮೂರನೆಯ ಜಾಗ. ಅಲ್ಲಿ ಒಂದು ಹೆಜ್ಜೆ ಅಂಗಳದಲ್ಲಿದ್ದರೆ ಇನ್ನೊಂದು ಹಾಸಿಗೆಯ ಪಕ್ಕದಲ್ಲಿರುತ್ತದೆ.

ಚಕ್ರದ ಮೇಲಿನ ಬದುಕು ಈ ಸೀಮೆಗೆ ಹೊಸದೇನೂ ಅಲ್ಲ ಎಂಬುದು ಇಲ್ಲಿ ನೆನಪಾಗಬೇಕು. ಯಕ್ಷಗಾನ ಮೇಳಗಳು ದೀಪಾವಳಿಯ ಹೊತ್ತಿಗೆ ತಿರುಗಾಟ ಹೊರಟರೆ ಮತ್ತೆ ಗೆಜ್ಜೆ ಬಿಚ್ಚುವುದು ಪತ್ತನಾಜೆಗೆ, ಅಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ ಕೊನೆಯ ವಾರದ ಸುಮಾರಿಗೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳ ಮೇಳವೂ ಈ ಲೆಕ್ಕಕ್ಕೆ ಹೊರತಲ್ಲ. ಒಂದು ಕಾಲಕ್ಕೆ ಹೊರೆಯಾಳುಗಳ ತಲೆಯ ಮೇಲೆ ಹೋಗುತ್ತಿದ್ದ ವೇಷದ ಪೆಟ್ಟಿಗೆಗಳು ಆಮೇಲೆ ಲಾರಿ ಬಸ್ಸು ಹತ್ತಿದವು. ಆರು ತಿಂಗಳು ದಿನಕ್ಕೊಂದು ಊರು, ದಿನಕ್ಕೊಂದು ಚೌಕಿ, ಅಂದರೆ ವೇಷ ಕಟ್ಟುವ ಬಿಡಾರ. ಆಟ ಮುಗಿದ ಮೇಲೆ ಬೆವರಿನಲ್ಲಿ ತೊಯ್ದ ದಗಲೆ ಹಾಗೇ ಪೆಟ್ಟಿಗೆ ಸೇರಿದರೆ ಮರುದಿನ ಅದನ್ನು ತೊಡುವವನ ಪಾಡು ಕೇಳಬಾರದು. ಅದಕ್ಕೇ ಚೌಕಿಯಲ್ಲಿ ಪೆಟ್ಟಿಗೆಯಷ್ಟೇ ಮುಖ್ಯವಾದದ್ದು ಹಗ್ಗ. ಬಟ್ಟೆ ಹಗ್ಗಕ್ಕೆ ಬೀಳುತ್ತದೆ, ಗಾಳಿ ಕಾಣುತ್ತದೆ, ಆಮೇಲೆ ಪೆಟ್ಟಿಗೆ ಕಾಣುತ್ತದೆ. ಕಿರೀಟಕ್ಕೆ ಒಂದು ಪೆಟ್ಟಿಗೆ, ಆಭರಣಕ್ಕೆ ಒಂದು. ಕತ್ತಲಲ್ಲೂ ಕೈ ತಪ್ಪದಷ್ಟು ನಿಗದಿಯಾದ ಕ್ರಮ. ಚೌಕಿಯಲ್ಲಿ ಗಣಪತಿಗೆ ದೀಪ ಹಚ್ಚಿಟ್ಟಿರುವುದರಿಂದ ಚಪ್ಪಲಿ ಒಳಗೆ ಬರುವ ಮಾತೇ ಇಲ್ಲ. ಎಲ್ಲಕ್ಕಿಂತ ದೊಡ್ಡ ಜಾಣತನ ಪಂಚಾಂಗದಲ್ಲಿದೆ: ಮಳೆ ಹಿಡಿಯುವ ಮೊದಲೇ ತಿರುಗಾಟ ನಿಲ್ಲುತ್ತದೆ. ರಜೆ ಸಿಕ್ಕಾಗ ಹೊರಡುವ ಇಂದಿನ ಪ್ರವಾಸಿಗೆ ಆ ಅನುಕೂಲವಿಲ್ಲ; ಜಲಪಾತ ನೋಡಬೇಕೆಂದರೆ ಮಳೆಯಲ್ಲೇ ಹೊರಡಬೇಕು.

ಇಷ್ಟೆಲ್ಲ ಯಾಕೆ, ಹೊರಗೇ ಬಿಟ್ಟರಾಯಿತಲ್ಲ ಎಂದು ಕೇಳುವವರಿದ್ದಾರೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ 1430ರಿಂದ ಬರುತ್ತಿರುವ ಜನ ಮೆಟ್ಟು ಹೊರಗೆ ಬಿಟ್ಟೇ ಒಳಗೆ ಹೋಗಿದ್ದಾರೆ, ಏನೂ ಆಗಿಲ್ಲ. ಧರ್ಮಸ್ಥಳದಲ್ಲಿ ಲಕ್ಷದೀಪೋತ್ಸವದ ದಿನ ಸೇರುವ ಜನಸಾಗರದ ಚಪ್ಪಲಿಯೂ ಹೊರಗೇ ಇರುತ್ತದೆ. ನಿಜ. ಆದರೆ ದೇವಸ್ಥಾನದ ಹೊರಗಿರುವುದು ಒಂದೆರಡು ಗಂಟೆಯ ಮಾತು, ಅಲ್ಲಿ ಕಾಯುವವರೂ ಇರುತ್ತಾರೆ. ಚಾರ್ಮಾಡಿಯ ತಪ್ಪಲಲ್ಲಿ ರಾತ್ರಿಯಿಡೀ ಹೊರಗಿಟ್ಟ ಬೂಟಿನೊಳಗೆ ಬೆಳಿಗ್ಗೆ ಕಪ್ಪೆ ಇದ್ದರೆ ಅದೃಷ್ಟ. ಚೇಳು, ಹಾವಿನ ಮರಿ ಇದ್ದರೆ ಅದೇ ಮಾತು ಹೇಳಲಾಗದು. ಇಂಬಳವಂತೂ ಕಾಲುಚೀಲದ ಮಡಿಕೆಯಲ್ಲಿ ಅಡಗಿ ಊರಿಗೂ ಬರುತ್ತದೆ. ನಾಯಿಗಳ ಸಂಗತಿ ಬೇರೆ: ಎರಡೂ ಕಾಲಿನದನ್ನು ಒಯ್ಯುವ ನಾಯಿ ಇನ್ನೂ ಹುಟ್ಟಿಲ್ಲ.

‘ಹೊರಗೆ’ ಎಂಬ ಪದಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಮರೆತು ಜಗಲಿಯನ್ನು ಹೊಗಳಿದರೆ ಅರ್ಧ ಸತ್ಯವಾಗುತ್ತದೆ. ಧಣಿಗಳ ಅಂಗಳಕ್ಕೆ ಗೇಣಿ ಒಕ್ಕಲುಗಳು ಚಪ್ಪಲಿ ಮೆಟ್ಟಿ ಬರುವಂತಿರಲಿಲ್ಲ. ಕೆಲವು ಜಾತಿಯವರಿಗೆ ಜಗಲಿಯ ಮೆಟ್ಟಿಲೇ ಗಡಿಯಾಗಿತ್ತು. ಚಪ್ಪಲಿ ಹೊಲಿದುಕೊಟ್ಟವರು ಅದನ್ನು ಮೆಟ್ಟಿ ದೊಡ್ಡವರ ಎದುರು ನಡೆಯುವಂತಿರಲಿಲ್ಲ. 1974ರ ಭೂಸುಧಾರಣೆ ಕಾಯಿದೆಯ ತಿದ್ದುಪಡಿಯಿಂದ ಭೂಮಿ ಪಡೆದ ಒಕ್ಕಲುಗಳು ಅವಿಭಜಿತ ದಕ್ಷಿಣ ಕನ್ನಡದಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು. ಆ ಪಟ್ಟೆಯೊಂದಿಗೆ ಬದಲಾದದ್ದು ಗದ್ದೆಯ ಹೆಸರಷ್ಟೇ ಅಲ್ಲ, ಅಂಗಳ ದಾಟುವ ಕಾಲಿನ ಧೈರ್ಯವೂ. ಹಾಗಾಗಿ ಚಕ್ರದ ಮನೆಗೆ ಜಗಲಿ ಬೇಕು ಎನ್ನುವಾಗ ಅದರ ಗಾಳಿ ಮತ್ತು ಇಳಿಜಾರನ್ನು ಎತ್ತಿಕೊಂಡು, ಯಾರು ಎಲ್ಲಿಯವರೆಗೆ ಎಂಬ ಹಳೆಯ ಲೆಕ್ಕವನ್ನು ಅಲ್ಲೇ ಬಿಟ್ಟು ಬರಬೇಕು. ಹತ್ತಡಿಯ ಗೂಡಿನಲ್ಲಿ ಎಲ್ಲರ ಮೆಟ್ಟೂ ಒಂದೇ ಹಲಗೆಯ ಮೇಲೆ ಕೂರುವುದು ಅನಿವಾರ್ಯ. ಸಣ್ಣ ಜಾಗದ ಒಳ್ಳೆಯ ಗುಣಗಳಲ್ಲಿ ಅದೂ ಒಂದು.

ಇನ್ನು ಕೈಕೆಲಸ. ಅಂಗಡಿಯ ರ‍್ಯಾಕುಗಳು ಚೌಕ ಮೂಲೆಯ ಕೋಣೆಗಳಿಗೆ ಅಳತೆ ಮಾಡಿದವು. ಟ್ರೇಲರಿನ ಮೂಲೆಗಳು ಚಕ್ರದ ಉಬ್ಬಿನಿಂದಾಗಿ ಸೊಟ್ಟ. ಆದ್ದರಿಂದ ತಾವೇ ಮಾಡಿಕೊಳ್ಳುವುದು ಇಲ್ಲಿ ಹವ್ಯಾಸವಲ್ಲ, ಅಗತ್ಯ. ಗಂಡಸರ ಬೂಟು ಸುಮಾರು ಒಂದಡಿ ಉದ್ದ. ಒಂದು ಜೊತೆಗೆ ಎಂಟೊಂಬತ್ತು ಇಂಚು ಅಗಲ ಬೇಕು. ಒಂದನ್ನು ಮುಂದಕ್ಕೆ ಇನ್ನೊಂದನ್ನು ಹಿಂದಕ್ಕೆ ತಿರುಗಿಸಿ ಇಟ್ಟರೆ ಎರಡಡಿ ಹಲಗೆಯ ಮೇಲೆ ಮೂರು ಜೊತೆ ಕೂರುತ್ತದೆ. ಗೋಡೆಗೆ ಬಹುತೇಕ ನೆಟ್ಟಗೆ ಒರಗಿಸಿ ನಿಲ್ಲಿಸಿದರೆ ಒಂದಡಿ ಜಾಗ ಕೇಳುತ್ತಿದ್ದದ್ದು ಏಳೆಂಟು ಇಂಚಿನಲ್ಲಿ ಮುಗಿಯುತ್ತದೆ. ತೋಟದ ಪೈಪಿನ ತುಂಡುಗಳನ್ನು ಜೇನುಗೂಡಿನಂತೆ ಪೇರಿಸುವ ಉಪಾಯವೂ ಇದೆ. ನೋಡಲು ಚಂದ. ಆದರೆ ನಾಲ್ಕಿಂಚಿನ ಪೈಪು ಮಕ್ಕಳ ಚಪ್ಪಲಿಗೆ ಸಾಕು, ದೊಡ್ಡವರ ಬೂಟಿಗೆ ಆರಿಂಚೇ ಬೇಕು. ಆ ಗೂಡು ಅರ್ಧ ಬಾಗಿಲನ್ನೇ ನುಂಗುತ್ತದೆ.

ಹನ್ನೆರಡು ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಎರಡಡಿಯ ಪೆಟ್ಟಿಗೆ ಮಾಡಿದರೆ ಅದೊಂದೇ ಎಂಟೊಂಬತ್ತು ಕಿಲೋ ತೂಗುತ್ತದೆ, ಗಾಳಿಯನ್ನೂ ತಡೆಯುತ್ತದೆ. ಈ ಸೀಮೆಯಲ್ಲಿ ಅದಕ್ಕಿಂತ ಒಳ್ಳೆಯ ಸಾಮಾನು ಹಿತ್ತಲಲ್ಲೇ ಬಿದ್ದಿರುತ್ತದೆ. ಅಡಿಕೆ ಮರದ ದಬ್ಬೆಯನ್ನು ಸೀಳಿ, ಒಳಗಿನ ತಿರುಳು ಕೆರೆದು, ರೀಪಿನ ಚೌಕಟ್ಟಿಗೆ ಬೆರಳಗಲ ಸಂದು ಬಿಟ್ಟು ಹೊಡೆದರೆ ಹಗುರ, ಗಟ್ಟಿ, ನೀರು ಇಳಿದುಹೋಗುವ ಅಟ್ಟಣಿಗೆ ಸಿದ್ಧ. ಕುಟ್ಟೆ ಹಿಡಿಯದಿರಲು ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ಇಲ್ಲಿಯ ಹಳೆಯ ರೂಢಿ. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಡುತ್ತದೆ, ಚೆನ್ನಾಗಿ ಒಣಗಿಸಿಯೇ ಒಳಗಿಡಬೇಕು. ಅಡಿಯಲ್ಲಿ ನೀರು ಹಿಡಿಯಲು ಅಡಿಕೆ ಹಾಳೆ ಇಡುವ ಆಸೆ ಯಾರಿಗೂ ಬರುತ್ತದೆ. ಆದರೆ ಒದ್ದೆಯಾದ ಹಾಳೆಗೆ ಬೂಟಿಗಿಂತ ಬೇಗ ಬೂಸ್ಟು ಬರುತ್ತದೆ. ಸ್ಟೀಲಿನ ತಟ್ಟೆಯೇ ವಾಸಿ.

ಒದ್ದೆ ಬೂಟಿಗೆ ಬೇರೆ ಏರ್ಪಾಡು ಬೇಕು. ಬಾಗಿಲ ಹೊರಬದಿಯಲ್ಲಿ, ಮೆಟ್ಟಿಲ ಮೇಲ್ಗಡೆ, ಮಡಚಬಹುದಾದ ಎರಡು ಕಬ್ಬಿಣದ ತೋಳು. ಅದರ ಮೇಲೆ ಟರ್ಪಾಲು. ಊರಿನ ಆಟ, ಜಾತ್ರೆ, ಚುನಾವಣೆ ಮುಗಿದ ಮೇಲೆ ಉಳಿಯುವ ಫ್ಲೆಕ್ಸ್ ಆದರೂ ಆದೀತು. ಅಭ್ಯರ್ಥಿಯ ನಗುಮುಖ ಒಳಬದಿಗೆ ಬರುವಂತೆ ಕಟ್ಟಿದರೆ ಬಣ್ಣ ಬೇಗ ಮಾಸದು. ಅದರಡಿಯಲ್ಲಿ ಗೋಡೆಗೆ ಐದಾರು ಗೂಟ. ಗಂಬೂಟು, ನೆನೆದ ಬೂಟು ಗೂಟಕ್ಕೆ ಬಾಯಿ ಕೆಳಗಾಗಿ ಸಿಕ್ಕಬೇಕು; ಆಗ ನೀರೂ ಇಳಿಯುತ್ತದೆ, ಕಪ್ಪೆಗೂ ಪ್ರವೇಶ ಕಷ್ಟ. ಮಲಗುವ ಮೊದಲು ಪತ್ರಿಕೆಯ ಉಂಡೆ ತುರುಕಿ ಒಳಗಿನ ದಬ್ಬೆಯ ಮೇಲೆ ವರ್ಗಾವಣೆ. ಮಾಡು, ಗಾಳಿ, ಹೊತ್ತು: ಜಗಲಿಯ ಮೂರು ಗುಣವೂ ಎರಡಡಿ ಟರ್ಪಾಲಿನಡಿ ಬಂದವು.

ಓಟದ ಲೆಕ್ಕ ಮಾತ್ರ ಜಗಲಿಗೆ ಗೊತ್ತಿರಲಿಲ್ಲ. ಬೆಳ್ತಂಗಡಿ ತಾಲೂಕು ಕಂಡ ಅತಿ ಪ್ರಸಿದ್ಧ ಟ್ರೇಲರ್ ಎಂದರೆ 1973ರಲ್ಲಿ ಕಾರ್ಕಳದಿಂದ ಧರ್ಮಸ್ಥಳಕ್ಕೆ ಬಾಹುಬಲಿಯನ್ನು ತಂದದ್ದು. ರೆಂಜಾಳ ಗೋಪಾಲಕೃಷ್ಣ ಶೆಣೈ ಕೆತ್ತಿದ 39 ಅಡಿಯ ಏಕಶಿಲೆ, ಹತ್ತಾರು ಚಕ್ರಗಳ ಗಾಡಿಯ ಮೇಲೆ ಮಲಗಿ ಬಂತು. ದಾರಿಯುದ್ದಕ್ಕೂ ಜನ ನೆರೆದರು. ತೂಕ ಎಲ್ಲಿ ಕೂರಬೇಕು, ಹೇಗೆ ಅಲುಗದಿರಬೇಕು ಎಂಬ ಅಂದಿನ ಚಿಂತೆಯೇ ಸಣ್ಣ ಪ್ರಮಾಣದಲ್ಲಿ ಎಂಟು ಜೊತೆ ಚಪ್ಪಲಿಗೂ ಅನ್ವಯಿಸುತ್ತದೆ. ಟ್ರೇಲರಿನ ಒಟ್ಟು ಭಾರದ ಶೇಕಡ 10ರಿಂದ 15 ಮಾತ್ರ ಕೊಂಡಿಯ ಮೇಲಿರಬೇಕೆಂಬುದು ಸಾಮಾನ್ಯ ಲೆಕ್ಕ. ಹಿಂಬದಿಗೆ ಭಾರ ಹೆಚ್ಚಾದರೆ ಗಾಡಿ ಬಾಲ ಅಲ್ಲಾಡಿಸುತ್ತದೆ. ಚಪ್ಪಲಿ ಅಷ್ಟು ಭಾರವಲ್ಲ ನಿಜ. ಆದರೆ ಒಂದು ಜೊತೆ ಗಂಬೂಟು ಎರಡು ಕಿಲೋದ ಹತ್ತಿರ. ಚಕ್ರದ ಉಬ್ಬಿನ ಬಳಿ, ನೆಲಕ್ಕೆ ತಾಗಿ ಇಡುವುದೇ ಸರಿ. ಬಿ.ಸಿ. ರೋಡಿನಿಂದ ರಾಷ್ಟ್ರೀಯ ಹೆದ್ದಾರಿ 73 ಹಿಡಿದು ಚಾರ್ಮಾಡಿಯ ಮೊದಲ ತಿರುವು ಹತ್ತುವಷ್ಟರಲ್ಲಿ, ಅಂಚು ಕಟ್ಟದ ಹಲಗೆಯ ಮೇಲಿನದೆಲ್ಲ ಹಾಸಿಗೆಯ ಕೆಳಗೆ ಸೇರಿರುತ್ತದೆ. ಹಲಗೆಗೆ ಮುಂದೆ ಎರಡು ಇಂಚಿನ ಅಂಚು, ಅದರ ಮೇಲೆ ಸೈಕಲ್ ಟ್ಯೂಬಿನ ಒಂದು ಪಟ್ಟಿ ಎಳೆದು ಕಟ್ಟಿದರೆ ಸಾಕು. ಸಾಗುವಾಗ ಹಿಡಿದಿರುತ್ತದೆ, ನಿಂತಾಗ ಒಂದೇ ಬೆರಳಿಗೆ ಬಿಡುತ್ತದೆ.

ಉಳಿಯುವುದು ಕಾಲೊರಸು. ಬಿಡಾರ ಎತ್ತುವಾಗ ಎಲ್ಲಕ್ಕಿಂತ ಕೊನೆಗೆ ಒಳಗೆ ಬರುವುದು ಅದು, ಎಲ್ಲಕ್ಕಿಂತ ಹೆಚ್ಚು ಒದ್ದೆಯಾಗಿರುವುದೂ ಅದೇ. ತೆಂಗಿನ ನಾರಿನದಾದರೆ ಒಣಗಲು ದಿನ ಬೇಕು. ಸದ್ಯಕ್ಕೆ ಅದನ್ನು ಸುರುಳಿ ಸುತ್ತಿ, ನಂಬರ್ ಪ್ಲೇಟು ಮುಚ್ಚದಂತೆ, ಟ್ರೇಲರಿನ ಹಿಂದೆ ಹಗ್ಗದಲ್ಲಿ ಬಿಗಿದು ಗಾಳಿಗೆ ಬಿಡುವುದೊಂದೇ ದಾರಿ.