ಉಡವೂ ಏಡಿಯೂ

ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕ ಮಹಾಶಯರಿಗೂ ಈ ಶಿರೋನಾಮೆಯು ವಿಚಿತ್ರವಾಗಿ ತೋರಬಹುದು. ಆದರೂ ಮೈಸೂರಿನ ಸುತ್ತಲಿನ ಕೆರೆಯಂಚುಗಳಲ್ಲಿಯೂ ಗದ್ದೆಯ ಬದುಗಳಲ್ಲಿಯೂ ನೆರೆಹೊರೆಯಾಗಿ ಬಾಳುವ ಈ ಎರಡು ಜೀವಿಗಳನ್ನು ಹೋಲಿಸಿ ನೋಡುವುದು ನಮ್ಮ ಹೆಣ್ಣುಮಕ್ಕಳಿಗೆ ಉತ್ತಮವಾದ ಪಾಠವೆಂದು ನಾವು ನಂಬಿದ್ದೇವೆ.

ಉಡವು ಬೆನ್ನೆಲುಬುಳ್ಳ ಪ್ರಾಣಿ. ಬಾಲವೂ ಸೇರಿ 5 ಅಡಿಗಳಷ್ಟು ಬೆಳೆಯಬಲ್ಲದು. ಸೀಳುನಾಲಗೆಯನ್ನು ಚಾಚಿ ವಾಸನೆಯನ್ನು ಗ್ರಹಿಸುವುದು. ಏಡಿಗೆ ಬೆನ್ನೆಲುಬಿಲ್ಲ, ಮೈಮೇಲಣ ಚಿಪ್ಪೇ ಅದರ ಅಸ್ಥಿಪಂಜರ. ಬೆಳೆಯಬೇಕಾದರೆ ಹಳೆಯ ಚಿಪ್ಪನ್ನು ಕಳಚಿ, ಹೊಸದು ಗಟ್ಟಿಯಾಗುವವರೆಗೆ ಅಡಗಿರಬೇಕು. ಉಡವು ಮೊಟ್ಟೆಗಳನ್ನು ಮಣ್ಣಿನಲ್ಲಿ ಮುಚ್ಚಿ ಹೊರಟುಹೋಗುವುದು. ಸಿಹಿನೀರಿನ ತಾಯೇಡಿಯಾದರೋ ಮೊಟ್ಟೆಗಳನ್ನು ಹೊಟ್ಟೆಯ ಮಡಿಕೆಯಲ್ಲಿ ಹೊತ್ತು, ಪುಟ್ಟ ಏಡಿಗಳಾಗಿಯೇ ಹೊರಬರುವ ಮರಿಗಳನ್ನೂ ಕೆಲವು ಕಾಲ ಅಲ್ಲಿಯೇ ಕಾಪಾಡುವುದು.

ಮರಿಗಳು ತಾಯಿಯ ಹೊಟ್ಟೆಯನ್ನು ಸೀಳಿ ಹೊರಬರುವುವೆಂಬ ಹಳೆಯ ಮಾತು ಹುಟ್ಟಿದುದು ಇದನ್ನು ಅರೆಬರೆ ಕಂಡುದರಿಂದಲೇ ಇರಬೇಕು. ಮರಿಗಳು ಮಡಿಕೆಯಿಂದ ಇಳಿದುಹೋಗುವುವು, ತಾಯಿಯು ಸಾಯುವುದಿಲ್ಲ. ಉಡದ ಕೊಬ್ಬು ಕೀಲುನೋವನ್ನು ಕಳೆಯುವುದೆಂಬ ಮಾತಾದರೋ ಇನ್ನೂ ಕೆಟ್ಟದು. ಅದರಿಂದ ಪ್ರಾಣವೇ ಹೋಗುವುದು. ಕಣ್ಣಾರೆ ನೋಡದೆ ನಂಬುವ ಅಭ್ಯಾಸವು ಎಷ್ಟು ಹಾನಿಕರವೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಉಡಕ್ಕೆ ಸ್ಥಾನವಿದೆ. ಅದನ್ನು ಕೊಲ್ಲುವುದೂ ಮಾರುವುದೂ ಅಪರಾಧ. ಗದ್ದೆಯ ಏಡಿಗೆ ಅಂತಹ ಆಶ್ರಯವಿಲ್ಲ. ಆದರೆ ಉಡದ ಆಹಾರದಲ್ಲಿ ಹುಳುಹುಪ್ಪಟೆ, ಕಪ್ಪೆಗಳೊಡನೆ ಏಡಿಯೂ ಸೇರಿದೆ. ತಿನ್ನುವವನನ್ನು ಕಾಯ್ದು ಅವನ ಉಗ್ರಾಣವನ್ನು ಹಾಳುಗೆಡವಿದರೆ ಫಲವೇನು? ಏಡಿಯು ಬದುವನ್ನು ತೂತುಮಾಡಿ ನೀರು ಸೋರಿಸುವುದೆಂದೂ ಉಡವು ಕೋಳಿಮೊಟ್ಟೆ ಕದಿಯುವುದೆಂದೂ ರೈತರು ದೂರುವುದುಂಟು, ಅದು ಸುಳ್ಳಲ್ಲ. ಹಾಗೆಂದು ಎರಡರ ವಂಶವನ್ನೂ ಅಳಿಸುವುದು ನ್ಯಾಯವಲ್ಲ. ಕೆರೆಯ ದಡಗಳಿಗೆಲ್ಲ ಕಲ್ಲುಗಾರೆ ಮೆತ್ತಿದರೆ ಏಡಿಯು ಬಿಲ ತೋಡುವುದೆಲ್ಲಿ, ಉಡವು ಮೊಟ್ಟೆಯಿಡುವುದೆಲ್ಲಿ? ಅಂಚಿನ ಒಂದಿಷ್ಟು ಕೆಸರನ್ನೂ ಪೊದೆಯನ್ನೂ ಹಾಗೆಯೇ ಬಿಡಬೇಕೆಂಬುದು ನಮ್ಮ ದೃಢವಾದ ಮತ.

ಆದುದರಿಂದ ತಾಯಂದಿರೇ, 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಗೆ ನಿಮ್ಮ ಮಕ್ಕಳನ್ನು ಕರೆದೊಯ್ಯುವಾಗ, "ಛೀ, ಮುಟ್ಟಬೇಡ" ಎಂದಷ್ಟೇ ಹೇಳಿ ಎಳೆದುಕೊಂಡು ಬರಬೇಡಿರಿ. ದೂರದಲ್ಲಿ ನಿಂತು ನೋಡಲು ಬಿಡಿರಿ. ಕಂಡುದನ್ನು ಬರೆದಿಡಲು ಹೇಳಿರಿ. ಹಿಡಿದುದನ್ನು ಬಿಡದವರನ್ನು ಉಡದ ಪಟ್ಟಿನವರೆನ್ನುವೆವಲ್ಲವೆ? ಸತ್ಯವನ್ನು ಹಿಡಿಯುವುದರಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಆ ಪಟ್ಟು ಬರಲಿ.