ಅರ್ಜಿಯ ಪ್ರಬಂಧದಲ್ಲಿ ಕೊಟ್ಟಿಗೆಗೂ ಸ್ಥಳವಿರಲಿ

ಉನ್ನತ ಶಿಕ್ಷಣದ ಬಾಗಿಲು ತೆರೆಯಲು ಅಂಕಪಟ್ಟಿಯೊಂದೇ ಸಾಕಾಗಿದ್ದ ಕಾಲ ನಿಧಾನವಾಗಿ ಹಿಂದೆ ಸರಿಯುತ್ತಿದೆ. ತಮಿಳುನಾಡಿನ ಸರ್ಕಾರಿ ಕಲಾ ಕಾಲೇಜುಗಳು ಇಂದಿಗೂ ಅಂಕಗಳನ್ನೇ ಆಧರಿಸಿ ಪ್ರವೇಶ ನೀಡುತ್ತವೆ. ಪಶುವೈದ್ಯ ಪದವಿಗೂ ಹನ್ನೆರಡನೆಯ ತರಗತಿಯ ಅಂಕಗಳೇ ಮಾನದಂಡ. ಆದರೆ ಹಲವು ಖಾಸಗಿ ವಿಶ್ವವಿದ್ಯಾಲಯಗಳು, ವಿದ್ಯಾರ್ಥಿವೇತನ ನೀಡುವ ಸಂಸ್ಥೆಗಳು ಹಾಗೂ ವಿದೇಶದ ಕಾಲೇಜುಗಳು ಅಂಕಗಳ ಜೊತೆಗೆ ಇನ್ನೊಂದು ಪ್ರಶ್ನೆಯನ್ನು ಕೇಳುತ್ತವೆ: ನೀವು ಯಾರು? ಅಮೆರಿಕದ ನೂರಾರು ಕಾಲೇಜುಗಳು ಒಪ್ಪಿಕೊಳ್ಳುವ ‘ಕಾಮನ್ ಅಪ್ಲಿಕೇಶನ್’ನಲ್ಲಿ ಈ ಪ್ರಶ್ನೆಗೆ 650 ಪದಗಳ ಮಿತಿಯೊಳಗೆ ಉತ್ತರಿಸಬೇಕು. ಹೊಸೂರಿಗೆ ಹತ್ತಿರದಲ್ಲೇ, ಸರ್ಜಾಪುರದ ಕಡೆಯಿರುವ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವೂ ಲಿಖಿತ ಪರೀಕ್ಷೆಯ ನಂತರ ಸಂದರ್ಶನಕ್ಕೆ ಕರೆಯುತ್ತದೆ. ಆದ್ದರಿಂದ ತನ್ನ ಬದುಕನ್ನು ತಾನೇ ನಿರೂಪಿಸುವ ವಿದ್ಯೆ ನಮ್ಮ ಗಡಿನಾಡಿನ ವಿದ್ಯಾರ್ಥಿಗಳಿಗೂ ಅಗತ್ಯವಾಗಿದೆ.

ಇಂತಹ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ವಸ್ತುಗಳಲ್ಲಿ ಸಾಕುಪ್ರಾಣಿಯ ಆರೈಕೆಯೂ ಒಂದು. ನಾಯಿಮರಿಯೊಂದು ಮನೆಗೆ ಬಂದಿತು, ಅದು ಜವಾಬ್ದಾರಿಯನ್ನು ಕಲಿಸಿತು, ನಿಷ್ಕಲ್ಮಷ ಪ್ರೀತಿಯ ಅರ್ಥವನ್ನು ತಿಳಿಸಿತು. ಮಾದರಿ ಪ್ರಬಂಧಗಳ ಸಾಮಾನ್ಯ ಜಾಡು ಇದು. ಇದನ್ನು ಓದಿದ ನಮ್ಮ ವಿದ್ಯಾರ್ಥಿಗಳು ತಮಗೆ ಬರೆಯಲು ಏನೂ ಇಲ್ಲವೆಂದು ಭಾವಿಸುತ್ತಾರೆ. ‘ನಮ್ಮ ಮನೆಯಲ್ಲಿ ಪೆಟ್ ಇಲ್ಲ, ಎರಡು ಹಸು ಇವೆ ಅಷ್ಟೇ’ ಎಂಬ ಬಗೆಯ ಉತ್ತರ ಇಲ್ಲಿಂದಲೇ ಹುಟ್ಟುತ್ತದೆ. ಈ ಉತ್ತರದ ‘ಅಷ್ಟೇ’ ಎಂಬ ಪದವನ್ನು ಪ್ರಶ್ನಿಸುವುದು ಈ ಲೇಖನದ ಉದ್ದೇಶ.

ಇಂಗ್ಲಿಷಿನ ‘ಪೆಟ್’ ಎಂಬ ಪದ ಮುದ್ದಿಗಾಗಿ ಇಟ್ಟುಕೊಂಡ ಪ್ರಾಣಿಯನ್ನು ಮಾತ್ರ ಸೂಚಿಸುತ್ತದೆ. ಕನ್ನಡದ ‘ಸಾಕು’ ಎಂಬ ಧಾತು ಅದಕ್ಕಿಂತ ವಿಶಾಲವಾದದ್ದು. ಸಾಕುಮಗ, ಸಾಕುತಾಯಿ ಎನ್ನುವಾಗ ಬಳಸುವ ಪದವನ್ನೇ ನಾವು ಹಸು, ಕುರಿ, ಕೋಳಿ, ನಾಯಿಗಳಿಗೂ ಬಳಸುತ್ತೇವೆ. ಉಪಯೋಗ ಮತ್ತು ಪ್ರೀತಿಯ ನಡುವೆ ಗೋಡೆ ಕಟ್ಟದ ಪದವಿದು. ಹಾಲು ಕೊಡುವ ಹಸುವನ್ನು ಹೆಸರು ಹಿಡಿದು ಕರೆಯುವ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಅರ್ಜಿಯನ್ನು ಓದುವವರಿಗೆ ವಿವರಿಸಬೇಕಾಗುತ್ತದೆ. ಆ ವಿವರಣೆಯೇ ಒಂದು ಉತ್ತಮ ಪ್ರಬಂಧವಾಗಬಲ್ಲದು.

ನಮ್ಮ ಸೀಮೆಗೆ ಈ ವಿಷಯದಲ್ಲಿ ಹೇಳಿಕೊಳ್ಳಲು ಬೇಕಾದಷ್ಟಿದೆ. ಹೊಸೂರಿನ ಮತ್ತಿಗಿರಿಯಲ್ಲಿರುವ ಸರ್ಕಾರಿ ಜಾನುವಾರು ಕ್ಷೇತ್ರ 1824ರಷ್ಟು ಹಿಂದಿನದು. ಹಳ್ಳಿಕಾರ್ ಮತ್ತು ಆಲಂಬಾಡಿ ತಳಿಯ ದನಗಳು ಓಡಾಡಿದ ನೆಲವಿದು. ದೇಂಕಣಿಕೋಟೆ, ತಳಿ, ಅಂಚೆಟ್ಟಿಗಳ ಕಡೆ ಕಾಡಂಚಿನಲ್ಲಿ ಮೇಯುವ ದನಕರುಗಳನ್ನು ಕಾಯುವುದೆಂದರೆ ಆನೆ, ಚಿರತೆಗಳ ದಾರಿಯನ್ನೂ ತಿಳಿದಿರುವುದು ಎಂದರ್ಥ. ಬಾಗಲೂರು, ಬೇರಿಗೆ, ಶೂಲಗಿರಿಗಳ ಹಳ್ಳಿಗಳಲ್ಲಿ ಬೆಳಗಿನ ಹಾಲು ಡೈರಿಗೆ ಹೋದ ಮೇಲೆಯೇ ಮಕ್ಕಳು ಬಸ್ ಹಿಡಿಯುತ್ತಾರೆ. ಆ ಹಾಲು ಸೇರುವ ಒಕ್ಕೂಟದ ಹೆಸರು ‘ಆವಿನ್’. ‘ಆ’ ಎಂದರೆ ಹಸು ಎಂಬುದು ತಮಿಳಿನಲ್ಲಿ ಎಷ್ಟು ಸತ್ಯವೋ ಹಳಗನ್ನಡದಲ್ಲಿಯೂ ಅಷ್ಟೇ ಸತ್ಯ. ಎರಡು ಭಾಷೆಗಳ ನಡುವೆ ಬೆಳೆದ ವಿದ್ಯಾರ್ಥಿ ಹಾಲಿನ ಕ್ಯಾನಿನ ಮೇಲೆ ದಿನವೂ ಕಾಣುವ ಪದವಿದು. ಇದನ್ನು ಗಮನಿಸಿ ಬರೆದವನ ಕುತೂಹಲಕ್ಕೆ ಬೇರೆ ಪ್ರಮಾಣಪತ್ರ ಬೇಕಾಗಿಲ್ಲ.

ಹಾಗಾದರೆ ಏನನ್ನು ಬರೆಯಬೇಕು? ‘ಹಸುವನ್ನು ಪ್ರೀತಿಯಿಂದ ನೋಡಿಕೊಂಡೆ’ ಎಂಬ ವಾಕ್ಯದಿಂದ ಓದುಗನಿಗೆ ಏನೂ ತಿಳಿಯುವುದಿಲ್ಲ. ಕರು ಹುಟ್ಟಿದ ಮೊದಲ ಒಂದೆರಡು ಗಂಟೆಗಳಲ್ಲಿ ಅದಕ್ಕೆ ಗಿಣ್ಣುಹಾಲು ಕುಡಿಸಲೇಬೇಕು, ಏಕೆಂದರೆ ರೋಗನಿರೋಧಕ ಶಕ್ತಿ ತಾಯಿಯಿಂದ ಕರುವಿಗೆ ಸಾಗುವುದು ಆ ಹಾಲಿನಲ್ಲಿ. ಮಾಸು ಹನ್ನೆರಡು ಗಂಟೆ ಕಳೆದರೂ ಬೀಳದಿದ್ದರೆ ವೈದ್ಯರನ್ನು ಕರೆಯಬೇಕು. ಕೆಚ್ಚಲು ಬಿಸಿಯಾಗಿ ಗಟ್ಟಿಯಾದರೆ ಬಾವಿನ ಸೂಚನೆ. ಇವೆಲ್ಲ ತಿಳಿದಿರುವ ಹದಿನೇಳು ವರ್ಷದ ಹುಡುಗಿಗೆ ಗಮನಿಸುವ, ನಿರ್ಧರಿಸುವ, ಕಾಯುವ ಶಕ್ತಿಯಿದೆ ಎಂಬುದನ್ನು ಬೇರೆ ಮಾತಿನಲ್ಲಿ ಹೇಳಬೇಕಾಗಿಲ್ಲ. ಡೈರಿಯಲ್ಲಿ ಹಾಲಿನ ಬೆಲೆಯನ್ನು ಕೊಬ್ಬಿನಂಶ ಮತ್ತು ಇತರ ಘನಾಂಶಗಳ ಮೇಲೆ ನಿರ್ಧರಿಸುತ್ತಾರೆ. ಆ ಚೀಟಿಯನ್ನು ದಿನವೂ ಓದಿ, ಮೇವು ಬದಲಾದಾಗ ಅಂಕಿಗಳು ಹೇಗೆ ಬದಲಾದವೆಂದು ಗಮನಿಸಿದವನು ತನಗೆ ತಿಳಿಯದೆಯೇ ವಿಜ್ಞಾನದ ವಿದ್ಯಾರ್ಥಿಯಾಗಿದ್ದಾನೆ. ಗುಣಗಳನ್ನು ಸಾರುವ ಕೆಲಸವನ್ನು ವಿವರಗಳಿಗೆ ಒಪ್ಪಿಸಬೇಕು.

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಪಾಠ ಹೊಸದಲ್ಲ. ಗೋವಿನ ಹಾಡು ಮಾತಿಗೆ ತಪ್ಪದ ಹಸುವನ್ನು ನಮ್ಮ ನೈತಿಕ ಕಲ್ಪನೆಯ ಕೇಂದ್ರದಲ್ಲಿ ನಿಲ್ಲಿಸಿತು. ಎಸ್. ಎಲ್. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ (1968) ಹಸುವನ್ನು ಕುರಿತ ಹಳೆಯ ನಂಬಿಕೆಯನ್ನೂ ಅಮೆರಿಕದಲ್ಲಿ ಕಲಿತು ಬಂದ ಮೊಮ್ಮಗನ ಆಧುನಿಕ ದೃಷ್ಟಿಯನ್ನೂ ಮುಖಾಮುಖಿಯಾಗಿಸಿತು. ತೇಜಸ್ವಿಯವರ ಬರಹಗಳಲ್ಲಿ ಸುಳಿಯುವ ‘ಕಿವಿ’ ಎಂಬ ನಾಯಿ ಯಾವ ಸದ್ಗುಣದ ಸಂಕೇತವೂ ಅಲ್ಲ. ಅದು ತನ್ನ ಚೇಷ್ಟೆಗಳೊಡನೆ ಒಂದು ನಾಯಿಯಾಗಿಯೇ ಉಳಿಯುತ್ತದೆ, ಆದ್ದರಿಂದಲೇ ನೆನಪಿನಲ್ಲಿಯೂ ಉಳಿಯುತ್ತದೆ. ಪ್ರಾಣಿಯನ್ನು ನೀತಿಪಾಠದ ಸಾಧನವಾಗಿಸದೆ ಪ್ರಾಣಿಯಾಗಿ ಕಾಣುವುದು ಅರ್ಜಿಯ ಪ್ರಬಂಧಕ್ಕೂ ಅಗತ್ಯವಾದ ಶಿಸ್ತು.

ಇಲ್ಲಿ ಒಂದು ಕಠಿಣ ಪ್ರಶ್ನೆ ಎದುರಾಗುತ್ತದೆ. ಪಟ್ಟಣದ ಮನೆಯ ನಾಯಿ ಮುದಿಯಾಗಿ ಸಾಯುತ್ತದೆ. ಹಳ್ಳಿಯ ಮನೆಯ ಹಸು ಅನೇಕ ವೇಳೆ ಮಾರಾಟವಾಗುತ್ತದೆ. ಮಗಳ ಕಾಲೇಜು ಶುಲ್ಕಕ್ಕಾಗಿ ಸಂತೆಗೆ ಹೋದ ಹಸುಗಳು ನಮ್ಮ ಕಡೆ ಅಪರೂಪವಲ್ಲ. ತಾನು ಸಾಕಿದ ಹಸುವಿನ ಬೆಲೆಯಿಂದಲೇ ಓದಲು ಹೊರಟವಳು ಆ ಹಸುವಿನ ಬಗ್ಗೆ ಪ್ರಬಂಧ ಬರೆಯುವಾಗ ಮಾರಾಟದ ಸಂಗತಿಯನ್ನು ಮುಚ್ಚಿಡಬೇಕೆ? ಬೇಡವೆಂದೇ ನನ್ನ ಅಭಿಪ್ರಾಯ. ಮುಚ್ಚಿಟ್ಟರೆ ಪ್ರಬಂಧ ಸುಂದರವಾಗಬಹುದು, ಆದರೆ ಸುಳ್ಳಾಗುತ್ತದೆ. ಹಾಗೆಂದು ಅದನ್ನು ಕಣ್ಣೀರಿನ ಸರಕಾಗಿ ಮಾಡುವುದೂ ತರವಲ್ಲ. ಯಾರು ನಿರ್ಧರಿಸಿದರು, ಮನೆಯಲ್ಲಿ ಏನು ಮಾತಾಯಿತು, ಮರುದಿನ ಖಾಲಿ ಗೋದಲಿಯ ಮುಂದೆ ಅಮ್ಮ ಯಾವ ಕೆಲಸ ಮಾಡಿದಳು ಎಂಬುದನ್ನು ನೇರವಾಗಿ ಬರೆದರೆ ಸಾಕು. ಪ್ರೀತಿ ಮತ್ತು ಅಗತ್ಯ ಒಂದೇ ಕೊಟ್ಟಿಗೆಯಲ್ಲಿ ವಾಸಿಸುತ್ತವೆ ಎಂಬ ತಿಳಿವಳಿಕೆ ಮಾದರಿ ಪ್ರಬಂಧಗಳಲ್ಲಿ ಸಿಗುವಂಥದ್ದಲ್ಲ.

ಈ ಬಗೆಯ ಪ್ರಬಂಧವೇ ಅನ್ಯಾಯದ ಸಾಧನ, ಅದನ್ನು ಬರೆಯುವ ಕಲೆಯನ್ನು ಹಣ ಕೊಟ್ಟು ಕಲಿತವರೇ ಗೆಲ್ಲುತ್ತಾರೆ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿದೆ. 1920ರ ದಶಕದಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳು ಪರೀಕ್ಷೆಯ ಅಂಕಗಳನ್ನು ಬದಿಗಿಟ್ಟು ‘ವ್ಯಕ್ತಿತ್ವ’ವನ್ನು ಅಳೆಯಲು ತೊಡಗಿದ್ದು ಯಹೂದಿ ವಿದ್ಯಾರ್ಥಿಗಳ ಸಂಖ್ಯೆಯನ್ನು ತಗ್ಗಿಸುವ ಸಲುವಾಗಿ ಎಂಬುದು ಶಿಕ್ಷಣದ ಇತಿಹಾಸದಲ್ಲಿ ದಾಖಲಾಗಿದೆ. ಆದ್ದರಿಂದ ಅಂಕಗಳನ್ನು ಆಧರಿಸಿದ ನಮ್ಮ ಸರ್ಕಾರಿ ಪ್ರವೇಶ ಪದ್ಧತಿಯನ್ನು ಹಗುರವಾಗಿ ಕಾಣಬಾರದು. ಆದರೆ ಪ್ರಬಂಧವನ್ನು ಕೇಳುವ ಬಾಗಿಲುಗಳು ಇರುವವರೆಗೆ ಅವುಗಳನ್ನು ತರಬೇತಿ ಪಡೆದವರಿಗೇ ಬಿಟ್ಟುಕೊಡುವುದು ನ್ಯಾಯವಾಗದು.

ನಮ್ಮ ವಿದ್ಯಾರ್ಥಿಗಳಿಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಅರ್ಜಿಯಲ್ಲಿ ಇಂಗ್ಲಿಷ್. ಕೊಟ್ಟಿಗೆಯ ಅನುಭವ ನಡೆದದ್ದು ಕನ್ನಡದಲ್ಲಿ. ಕಡಸು, ಗಬ್ಬ, ಬೆದೆ, ಸೊರೆ ಬಿಡುವುದು, ಕಂದು ಹಾಕುವುದು, ಮೆಲುಕು ಮರೆಯುವುದು ಎಂಬ ಒಂದೊಂದು ಮಾತಿನ ಹಿಂದೆಯೂ ತಲೆಮಾರುಗಳ ನೋಟವಿದೆ. ನೇರವಾಗಿ ಇಂಗ್ಲಿಷಿನಲ್ಲಿ ಯೋಚಿಸಲು ಹೊರಟರೆ ಈ ನೋಟ ಕಳಚಿಹೋಗಿ ಮತ್ತದೇ ‘ಜವಾಬ್ದಾರಿ’, ‘ಪ್ರೀತಿ’ಗಳು ಉಳಿಯುತ್ತವೆ. ಯಂತ್ರಕ್ಕೆ ಹೇಳಿ ಬರೆಸಿದರೂ ಸಿಗುವುದು ಅದೇ ಸಾಮಾನ್ಯ ಮಾತು, ಏಕೆಂದರೆ ನಿಮ್ಮ ಕೊಟ್ಟಿಗೆಯನ್ನು ಅದು ಕಂಡಿಲ್ಲ. ಆದ್ದರಿಂದ ಮೊದಲ ಕರಡು ಕನ್ನಡದಲ್ಲಿರಲಿ, ಮನೆಯಲ್ಲಿ ಆಡುವ ಕನ್ನಡದಲ್ಲಿಯೇ ಇರಲಿ. ಅದನ್ನು ಮನೆಯ ಹಿರಿಯರಿಗೆ ಓದಿ ಹೇಳಿ. ತಪ್ಪಿದ ವಿವರವನ್ನು ಅವರು ತಿದ್ದುತ್ತಾರೆ. ಬಳಿಕ ಇಂಗ್ಲಿಷಿಗೆ ತನ್ನಿ. ಅನುವಾದದಲ್ಲಿ ಸ್ವಲ್ಪ ಸೋರಿಹೋದರೂ ಪಾತ್ರೆಯಲ್ಲಿ ಹಾಲೇ ಇರುತ್ತದೆ.

ಈ ಕೆಲಸದಲ್ಲಿ ಕನ್ನಡ ವಿಭಾಗಕ್ಕೂ ಹೊಣೆಯಿದೆ. ಅರ್ಜಿಯ ಪ್ರಬಂಧ ಇಂಗ್ಲಿಷ್ ವಿಭಾಗದ ವಿಷಯವೆಂದು ಸುಮ್ಮನಿರುವುದು ಸಲ್ಲದು. ಪ್ರತಿ ವರ್ಷ ಅರ್ಜಿಗಳ ಕಾಲಕ್ಕೆ ಮುನ್ನ ಒಂದೆರಡು ಮಧ್ಯಾಹ್ನಗಳನ್ನು ಕನ್ನಡದ ಕರಡುಗಳ ಓದಿಗೆ ಮೀಸಲಿಡೋಣ. ಇಂಗ್ಲಿಷ್ ಮತ್ತು ತಮಿಳು ವಿಭಾಗದ ಅಧ್ಯಾಪಕರನ್ನೂ ಕರೆಯೋಣ. ಸುತ್ತಲಿನ ಕನ್ನಡ ಶಾಲೆಗಳ ಹನ್ನೆರಡನೆಯ ತರಗತಿಯ ಮಕ್ಕಳಿಗೂ ಅಲ್ಲಿ ಸ್ಥಳವಿರಲಿ. ಎಲ್ಲರಿಗೂ ಬಯಸಿದ ಕಾಲೇಜು ದೊರೆಯುತ್ತದೆಂಬ ಭರವಸೆಯನ್ನು ಯಾರೂ ಕೊಡಲಾರರು. ಆದರೆ ತನ್ನ ಮನೆಯ ದುಡಿಮೆ ಬರೆಯಲು ಯೋಗ್ಯವಾದದ್ದು ಎಂಬ ಅರಿವು ಪ್ರವೇಶಪತ್ರ ಬಂದರೂ ಬಾರದಿದ್ದರೂ ವಿದ್ಯಾರ್ಥಿಯ ಜೊತೆಗೆ ಉಳಿಯುತ್ತದೆ.