ಪಾಣಿಪತ್‌ನ ಕಸ, ಹಾವೇರಿಯ ಮೇವು

ಪುಣೆಯ ಮಂಡಯಿ ಮಾರುಕಟ್ಟೆಯ ಹಿಂಬದಿಯಲ್ಲಿ ಹಸುಗಳು ಹಣ್ಣಿನ ರಟ್ಟಿನ ಪೆಟ್ಟಿಗೆ ಮೆಲ್ಲುವುದನ್ನು ದಿನವೂ ನೋಡುತ್ತೇನೆ. ರಟ್ಟು, ಹುಲ್ಲು, ಮರ ಮೂರರಲ್ಲೂ ಇರುವುದು ಸೆಲ್ಯುಲೋಸ್, ಅಂದರೆ ಗ್ಲೂಕೋಸ್‌ನ ಉದ್ದನೆಯ ಸರಪಳಿ. ಅದನ್ನು ಬಿಡಿಸುವ ಸೂಕ್ಷ್ಮಜೀವಿಗಳು ಹಸುವಿನ ಹೊಟ್ಟೆಯಲ್ಲಿವೆ. ಅಪಾಯವಿರುವುದು ರಟ್ಟಿಗೆ ಅಂಟಿದ ಪ್ಲಾಸ್ಟಿಕ್, ಶಾಯಿಯಲ್ಲಿ.

ಹಸುವಿನ ಈ ಕೆಲಸವನ್ನು ಉಕ್ಕಿನ ಪಾತ್ರೆಯಲ್ಲಿ ಮಾಡಿಸುವುದು ನನ್ನ ಹೊಟ್ಟೆಪಾಡು. ಹುಲ್ಲನ್ನು ಆಮ್ಲ, ಹಬೆಯಲ್ಲಿ ಬೇಯಿಸಿದರೆ ಲಿಗ್ನಿನ್‌ನ ಹಿಡಿತ ಸಡಿಲುತ್ತದೆ. ಕಿಣ್ವ ಹಾಕಿದರೆ ಸಕ್ಕರೆ, ಅದಕ್ಕೆ ಯೀಸ್ಟ್ ಸೇರಿಸಿದರೆ ಎಥೆನಾಲ್. 2022ರ ಆಗಸ್ಟ್‌ನಲ್ಲಿ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್‌ನ ಇಂಥ ಘಟಕ ಉದ್ಘಾಟನೆಯಾಯಿತು. ತಂತ್ರಜ್ಞಾನ ಪುಣೆಯ ಪ್ರಾಜ್ ಕಂಪನಿಯದು. ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಎಥೆನಾಲ್ ತೆಗೆಯುವ ಗುರಿ. ಹುಲ್ಲನ್ನು ಹೊಲದಲ್ಲೇ ಸುಡುವ ಆ ಸೀಮೆಗೆ ಇದು ಸರಿ.

ನಮ್ಮ ಕಡೆಗೆ ಸರಿಯಲ್ಲ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಹಾವೇರಿ ಜಿಲ್ಲೆಯ ನಮ್ಮೂರಲ್ಲಿ ಅಪ್ಪ ಒಂದು ಟ್ರ್ಯಾಕ್ಟರ್ ಹುಲ್ಲಿಗೆ ಅಲೆದಲೆದು ಕೊನೆಗೆ ಜೋಡೆತ್ತಿನಲ್ಲಿ ಒಂದನ್ನು ಮಾರಿದರು. ಫೋನಿನಲ್ಲಿ ನಾನು ‘ಕೃಷಿ ತ್ಯಾಜ್ಯ’ ಎಂದಾಗ ಅವರು ಕೇಳಿದ್ದು ಇಷ್ಟೇ: ‘ತ್ಯಾಜ್ಯ ಅಂದ್ರ ಯಾವ್ದಪಾ? ನಮ್ಮ ಬಣವಿ ಏನು?’

ಹುಲ್ಲು, ಜೋಳದ ಕಣಿಕೆಯನ್ನು ಕಚ್ಚಾವಸ್ತುಗಳ ಪಟ್ಟಿಯಿಂದ ಕೈಬಿಡಬೇಕು ಎನ್ನುವುದು ನನ್ನ ವಾದ. ಕಚೇರಿಯಲ್ಲಿ ಇದನ್ನು ಹೇಳಿ ಬೈಸಿಕೊಂಡದ್ದೂ ಇದೆ. ಸಾಮಿಲ್ಲಿನ ಮರದ ಹುಡಿ, ಹತ್ತಿಕಟ್ಟಿಗೆ, ಮತ್ತೆ ಕಾಗದವಾಗದ ರದ್ದಿ ಇವೆಯಲ್ಲ? ಮರದಲ್ಲಿ ಲಿಗ್ನಿನ್ ಹೆಚ್ಚು, ಬೇಯಿಸುವುದು ಕಷ್ಟ, ಖರ್ಚೂ ಜಾಸ್ತಿ. ಕಂಪನಿಗಳ ಕಣ್ಣು ಹುಲ್ಲಿನ ಮೇಲೆ ಬೀಳುವುದು ಅದಕ್ಕೇ. ಆದರೆ ಆಗದ ಕೆಲಸವೇನಲ್ಲ. ಜರ್ಮನಿಯ ಬರ್ಗಿಯಸ್ ಹೈಡ್ರೋಕ್ಲೋರಿಕ್ ಆಮ್ಲದಿಂದ ಮರವನ್ನು ಸಕ್ಕರೆಯಾಗಿಸಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅದು ದನದ ಮೇವಿಗೂ ಹೋಯಿತು. ಇಂಥ ಎಥೆನಾಲ್ ಘಟಕಗಳಿಗೆ ನೆರವು ನೀಡಲೆಂದೇ 2019ರಲ್ಲಿ ಕೇಂದ್ರ ಸರ್ಕಾರ ಪ್ರಧಾನಮಂತ್ರಿ ಜೀವನ್ ಯೋಜನೆ ತಂದಿದೆ. ಆ ಹಣ ಮರ ಮತ್ತು ಹುಲ್ಲಿನ ಖರ್ಚಿನ ಅಂತರ ತುಂಬಲಿ, ಬರಪೀಡಿತ ಜಿಲ್ಲೆಗಳಲ್ಲಿ ಬಣವಿ ಖರೀದಿಗೆ ಬೇಡ.

ಹುಲ್ಲನ್ನು ಸಡಿಲಿಸಲು ಕಾರ್ಖಾನೆಯೇ ಬೇಕೆಂದೂ ಇಲ್ಲ. ನೂರು ಕಿಲೋ ಒಣಹುಲ್ಲಿಗೆ ನಾಲ್ಕು ಕಿಲೋ ಯೂರಿಯಾ ಕರಗಿಸಿದ ನೀರು ಚಿಮುಕಿಸಿ, ತುಳಿದು, ಮೂರು ವಾರ ತಾಡಪಾಲಿನಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಅಮೋನಿಯಾವೇ ಆ ಕೆಲಸ ಮಾಡುತ್ತದೆ. ತಿನ್ನಿಸುವ ಮೊದಲು ಗಾಳಿಗೆ ಹರವಬೇಕು, ಎಳೆಗರುಗಳಿಗೆ ಕೊಡಬಾರದು. ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿ ನಾನೇ ಮಾಡಿಟ್ಟು ಬಂದೆ. ಆ ಘಾಟಿಗೆ ಎರಡು ದಿನ ಹಸು ಮೂತಿ ತಿರುವಿತಂತೆ. ಮೂರನೇ ದಿನ ಅಪ್ಪನ ಫೋನು: ‘ಗ್ವಾದ್ಲಿ ಖಾಲಿ ಆಗೇದ. ಇನ್ನೊಂದು ಚೀಲ ಯೂರಿಯಾಕ್ಕ ರೊಕ್ಕ ಹಾಕು.’